ಅಮೆರಿಕದಲ್ಲಿ ಪ್ಲಾನಿಂಗ್ ಮಾಸ್ಟರ್ಸ್: ಅಸಿಸ್ಟೆಂಟ್‌ಶಿಪ್ ನಂಬಿ ಹೊರಡಬಹುದಾ?

ಸ್ವರ್ಣಾ ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದವಳು. ಬಿ.ಆರ್ಕ್ ಮುಗಿಸಿ ಮಂಗಳೂರಿನ ಒಂದು ಚಿಕ್ಕ ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಎರಡು ವರ್ಷ ದಾಟಿತು. ಮನೆ, ಅಪಾರ್ಟ್‌ಮೆಂಟ್ ನಕ್ಷೆ ಮಾಡುತ್ತಾ ಮಾಡುತ್ತಾ ಕಟ್ಟಡಕ್ಕಿಂತ ಅದರ ಕಂಪೌಂಡಿನ ಹೊರಗಿನ ವಿಷಯವೇ ನನಗೆ ಜಾಸ್ತಿ ಮುಖ್ಯ ಅನ್ನಿಸಲು ಶುರುವಾಯಿತು. ಗುಡ್ಡ ಕಡಿದು ಸೈಟ್ ಮಾಡುತ್ತಾರೆ, ಅಲ್ಲಿ ಇಳಿಯುತ್ತಿದ್ದ ನೀರು ಇನ್ನು ಎಲ್ಲಿ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ. ಕೊಟ್ಟಾರ ಚೌಕಿಯಲ್ಲಿ ಜೋರು ಮಳೆ ಬಂದರೆ ಸಾಕು, ರಸ್ತೆ ತುಂಬ ನೀರು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ಇಲ್ಲಿ ಎಲ್ಲರಿಗೂ ನೆನಪಿರಬಹುದು. ಹಾಗಾಗಿ ಓದುವುದಾದರೆ ಅರ್ಬನ್ ಪ್ಲಾನಿಂಗ್ ಅಂತ ಗಟ್ಟಿ ಮಾಡಿದ್ದೇನೆ.

ಈಗ ಪ್ರಶ್ನೆ ದುಡ್ಡಿನದು. ಅಮೆರಿಕದ ಎರಡು ಕಡೆಯಿಂದ ಅಡ್ಮಿಷನ್ ಬಂದಿದೆ. ಒಂದು ಖಾಸಗಿ ವಿಶ್ವವಿದ್ಯಾಲಯ, ಟ್ಯೂಷನ್ ಫೀಸಿನಲ್ಲಿ ಅರ್ಧ ಸ್ಕಾಲರ್‌ಶಿಪ್ ಅಂತ ಪತ್ರದಲ್ಲೇ ಬರೆದಿದ್ದಾರೆ. ಇನ್ನೊಂದು ಸ್ಟೇಟ್ ಯೂನಿವರ್ಸಿಟಿ. ಅವರು ದುಡ್ಡು ಅಂತ ಏನೂ ಕೊಟ್ಟಿಲ್ಲ, ಆದರೆ "ಸೇರಿದ ಮೇಲೆ ಅಸಿಸ್ಟೆಂಟ್‌ಶಿಪ್‌ಗೆ ಅರ್ಜಿ ಹಾಕಬಹುದು" ಅಂತ ಒಂದು ಸಾಲು ಇದೆ, ಅಂದರೆ ಓದುತ್ತಾ ವಿಶ್ವವಿದ್ಯಾಲಯಕ್ಕೇ ಕೆಲಸ ಮಾಡಿ ಸ್ಟೈಪೆಂಡ್ ಪಡೆಯುವುದು. ಕಂಪ್ಯೂಟರ್ ಸೈನ್ಸ್ ಓದಲು ಹೋದ ನನ್ನ ದೊಡ್ಡಮ್ಮನ ಮಗ "ಹೋದ ಮೇಲೆ ಏನಾದರೂ ಸಿಗುತ್ತದೆ, ಹೆದರಬೇಡ" ಅನ್ನುತ್ತಾನೆ. ಪ್ಲಾನಿಂಗ್‌ನಲ್ಲೂ ಹಾಗೇ ಸಿಗುತ್ತದಾ? ಟಿಎ (ಪಾಠಕ್ಕೆ ಸಹಾಯಕರು), ಆರ್‌ಎ (ಸಂಶೋಧನೆಗೆ ಸಹಾಯಕರು), ಜಿಎ (ಗ್ರಾಜುಯೇಟ್ ಅಸಿಸ್ಟೆಂಟ್) ಅಂತ ಹೇಳುತ್ತಾರಲ್ಲ, ನಮ್ಮ ವಿಷಯದಲ್ಲಿ ಅದು ಯಾರಿಗೆ ಹೋಗುತ್ತದೆ?

ಅಪ್ಪ ನಿವೃತ್ತರು. ತಮ್ಮ ಇನ್ನೂ ಓದುತ್ತಿದ್ದಾನೆ. ಜಾಗ ಇದೆ, ಆದರೆ ಸ್ವಲ್ಪ ಅಜ್ಜಿಯ ಹೆಸರಲ್ಲಿ, ಪಾಲು ಆಗಿಲ್ಲ. ಇಲ್ಲಿಯ ಮಾಸ್ಟರ್ಸ್‌ಗೆ ಬೇಕಾದ ಗೇಟ್ ಪರೀಕ್ಷೆ ಕೂಡ ಬರೆದಿದ್ದೆ, ಪಾಸಾಗಿದೆ. ಏಪ್ರಿಲ್ 15ರ ಒಳಗೆ ಉತ್ತರ ಕೊಡಬೇಕು ಅಂತ ಒಂದು ಕಡೆಯವರು ಹೇಳಿದ್ದಾರೆ. ಈ ದಾರಿಯಲ್ಲಿ ಹೋದವರು ಇದ್ದರೆ ದಯವಿಟ್ಟು ಬರೆಯಿರಿ. ಸಮಾಧಾನಕ್ಕೆ ಬೇಡ, ನಿಜ ಹೇಳಿ.

ಬೋಳೂರಿನವ ಬರೆದದ್ದು:

ನಾನು ಇದೇ ದಾರಿಯಲ್ಲಿ ಹೋದವನು. ಅಲ್ಲಿಯ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ಲಾನಿಂಗ್ ಮಾಸ್ಟರ್ಸ್ ಮಾಡಿ ಈಗ ಸಾರಿಗೆ ಪ್ಲಾನಿಂಗ್ ಕೆಲಸದಲ್ಲಿದ್ದೇನೆ. ನೀವು ನಿಜ ಹೇಳಿ ಅಂದದ್ದಕ್ಕೆ ಮೊದಲೇ ಹೇಳುತ್ತೇನೆ: ಕಾಗದದಲ್ಲಿ ಇಲ್ಲದ ಅಸಿಸ್ಟೆಂಟ್‌ಶಿಪ್ ಅನ್ನು ಲೆಕ್ಕಕ್ಕೆ ಹಿಡಿದು ಹೊರಡಬೇಡಿ. ಪ್ಲಾನಿಂಗ್‌ನಲ್ಲಿ ಅಸಿಸ್ಟೆಂಟ್‌ಶಿಪ್ ಖಂಡಿತ ಉಂಟು, ನನಗೂ ಸಿಕ್ಕಿತ್ತು. ಆದರೆ ಅದು ಕೇಳಿದವರಿಗೆ, ಅದೂ ಮೊದಲೇ ಕೇಳಿದವರಿಗೆ ಸಿಗುವಂಥದ್ದು. ಸುಮ್ನೆ ಹೋಗಿ ಕೂತರೆ ಸಿಗುವುದಿಲ್ಲ.

ಯಾಕೆ ಅಂದರೆ, ನಮ್ಮ ವಿಭಾಗಗಳು ಚಿಕ್ಕವು. ಕಂಪ್ಯೂಟರ್ ಸೈನ್ಸ್‌ನಲ್ಲಿ ಬ್ಯಾಚುಲರ್ಸ್ ಹುಡುಗರು ರಾಶಿ ರಾಶಿ ಇರುತ್ತಾರೆ, ಅವರ ಲ್ಯಾಬ್ ನೋಡಿಕೊಳ್ಳಲು, ಪೇಪರ್ ತಿದ್ದಲು ಜನ ಬೇಕೇ ಬೇಕು. ಪ್ಲಾನಿಂಗ್‌ನಲ್ಲಿ ಎಷ್ಟೋ ಕಡೆ ಮಾಸ್ಟರ್ಸ್ ಮತ್ತು ಪಿಎಚ್‌ಡಿ ಮಾತ್ರ. ಇರುವ ನಾಲ್ಕು ಟಿಎ ಜಾಗ ಮೊದಲು ಪಿಎಚ್‌ಡಿಯವರಿಗೆ ಹೋಗುತ್ತದೆ, ಯಾಕೆಂದರೆ ಅವರಿಗೆ ಮೊದಲೇ ಮಾತು ಕೊಟ್ಟಿರುತ್ತಾರೆ. ಹಾಗಾಗಿ ಮೊದಲು ನೋಡಬೇಕಾದದ್ದು, ಆ ವಿಭಾಗದಲ್ಲಿ ಬ್ಯಾಚುಲರ್ಸ್ ಕೋರ್ಸ್ ಇದೆಯಾ ಅಂತ. ಇಲಿನಾಯ್ ಅರ್ಬಾನಾ-ಷಾಂಪೇನ್, ಸಿನ್ಸಿನಾಟಿ, ಒಹಾಯೊ ಸ್ಟೇಟ್, ಟೆಕ್ಸಸ್ ಎ ಅಂಡ್ ಎಂ ಇಲ್ಲೆಲ್ಲ ಪ್ಲಾನಿಂಗ್‌ನಲ್ಲಿ ಬ್ಯಾಚುಲರ್ಸ್ ಉಂಟು. ಅಂಥ ಕಡೆ ಟಿಎ ಬೇಕಾಗುತ್ತದೆ. ಟಿಎ ಆಗಬೇಕಾದರೆ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗಕ್ಕೆ ಬೇರೆಯೇ ಕನಿಷ್ಠ ಅಂಕ ಇಟ್ಟಿರುವ ಕಡೆಗಳೂ ಇವೆ, ಒಟ್ಟು ಅಂಕ ಚೆನ್ನಾಗಿದ್ದರೆ ಸಾಕಾಗುವುದಿಲ್ಲ. ನಿಮ್ಮ ಸ್ಕೋರ್ ಕಾರ್ಡ್ ಒಮ್ಮೆ ತೆಗೆದು ನೋಡಿ.

ಇನ್ನು ಲೆಕ್ಕ. ಅಸಿಸ್ಟೆಂಟ್‌ಶಿಪ್ ಅಂದರೆ ಎರಡು ಲಾಭ ಒಟ್ಟಿಗೆ: ತಿಂಗಳ ಸ್ಟೈಪೆಂಡ್, ಜೊತೆಗೆ ಟ್ಯೂಷನ್ ಮಾಫಿ. ಈ ಎರಡನೆಯದೇ ದೊಡ್ಡದು. 50 ಪರ್ಸೆಂಟ್ ನೇಮಕ ಅಂದರೆ ವಾರಕ್ಕೆ 20 ಗಂಟೆ ಕೆಲಸ, 25 ಪರ್ಸೆಂಟ್ ಅಂದರೆ 10 ಗಂಟೆ. ಎಫ್-1 (ವಿದ್ಯಾರ್ಥಿ) ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ, ರಜೆಯಲ್ಲಿ ಪೂರ್ತಿ ದುಡಿಯಬಹುದು. ಎಷ್ಟು ಪರ್ಸೆಂಟ್‌ಗೆ ಮಾಫಿ ಸಿಗುತ್ತದೆ ಎನ್ನುವುದು ಒಂದೊಂದು ಕಡೆ ಒಂದೊಂದು ಥರ. ಇಲಿನಾಯ್‌ನಲ್ಲಿ 25ರಿಂದ 67 ಪರ್ಸೆಂಟ್ ವರೆಗಿನ ನೇಮಕಕ್ಕೆ ಮಾಫಿ ಬರುತ್ತದೆ. ಅಂದರೆ ಅಲ್ಲಿ ವಾರಕ್ಕೆ 10 ಗಂಟೆಯ ಕೆಲಸ ಸಿಕ್ಕರೂ ದೊಡ್ಡ ಭಾರ ಇಳಿಯಿತು. ಕೆಲವು ಕಡೆ ಅರ್ಧ ನೇಮಕಕ್ಕೆ ಅರ್ಧ ಮಾಫಿ. ಇನ್ನು ಕೆಲವು ಕಡೆ ಹೊರರಾಜ್ಯದ ಫೀಸು ಮತ್ತು ಒಳರಾಜ್ಯದ ಫೀಸಿನ ನಡುವಿನ ವ್ಯತ್ಯಾಸ ಮಾತ್ರ ಬಿಡುತ್ತಾರೆ. ಇದನ್ನೆಲ್ಲ ಬರವಣಿಗೆಯಲ್ಲಿ ಕೇಳಿಯೇ ತಿಳಿಯಬೇಕು.

ಗಂಟೆ ಲೆಕ್ಕದ ಕ್ಯಾಂಪಸ್ ಕೆಲಸ ಬೇರೆ, ಅಸಿಸ್ಟೆಂಟ್‌ಶಿಪ್ ಬೇರೆ. ಲೈಬ್ರರಿ, ಕ್ಯಾಂಟೀನ್ ಕೆಲಸದಿಂದ ಊಟ, ದಿನಸಿ ಖರ್ಚು ಹೋಗಬಹುದು, ಫೀಸು ಮಾಫಿ ಆಗುವುದಿಲ್ಲ. ನಿಮ್ಮ ಅಣ್ಣ "ಏನಾದರೂ ಸಿಗುತ್ತದೆ" ಅಂದದ್ದು ಬಹುಶಃ ಇಂಥದ್ದನ್ನು. ಮತ್ತೆ ಜಾಹೀರಾತಿನಲ್ಲಿ "ವರ್ಕ್-ಸ್ಟಡಿ" ಅಂತ ಇದ್ದರೆ ಅದು ಅಲ್ಲಿಯ ಸರ್ಕಾರದ ದುಡ್ಡು, ನಮಗೆ ಇಲ್ಲ.

ಅರ್ಧ ಸ್ಕಾಲರ್‌ಶಿಪ್ ಅಂದ ಕೂಡಲೇ ಖುಷಿಪಡಬೇಡಿ, ಬೇಜಾರೂ ಮಾಡಬೇಡಿ. ಪರ್ಸೆಂಟ್ ನೋಡಬೇಡಿ, ಕೊನೆಗೆ ಕೈಯಿಂದ ಹೋಗುವುದು ಎಷ್ಟು ಅಂತ ನೋಡಿ. ಖಾಸಗಿಯವರ ಅರ್ಧ ಫೀಸು ಸ್ಟೇಟ್ ಯೂನಿವರ್ಸಿಟಿಯ ಪೂರ್ತಿ ಫೀಸಿಗಿಂತ ಜಾಸ್ತಿ ಇರುವುದೂ ಉಂಟು. ಆ ಸ್ಕಾಲರ್‌ಶಿಪ್ ಎರಡು ವರ್ಷಕ್ಕಾ, ಒಂದೇ ವರ್ಷಕ್ಕಾ? ಎಷ್ಟು ಗ್ರೇಡ್ ಉಳಿಸಿಕೊಳ್ಳಬೇಕು? ಅದರ ಜೊತೆಗೆ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಎರಡೂ ಇಟ್ಟುಕೊಳ್ಳಬಹುದಾ, ಒಂದು ಹೋಗುತ್ತದಾ? ಈ ಮೂರು ಪ್ರಶ್ನೆಗೆ ಉತ್ತರ ಬರುವ ತನಕ ಆ ಪತ್ರಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಸ್ಟೇಟ್ ಯೂನಿವರ್ಸಿಟಿಯ ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಇವತ್ತೇ ಮೇಲ್ ಮಾಡಿ. ಕಳೆದ ವರ್ಷ ಸೇರಿದ ಮಾಸ್ಟರ್ಸ್ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಮೊದಲ ವರ್ಷವೇ ಅಸಿಸ್ಟೆಂಟ್‌ಶಿಪ್ ಇತ್ತು, ಎರಡನೇ ವರ್ಷ ಎಷ್ಟು ಜನರಿಗೆ, ಅದರಲ್ಲಿ ವಿದೇಶಿ ವಿದ್ಯಾರ್ಥಿಗಳು ಎಷ್ಟು ಅಂತ ನೇರ ಕೇಳಿ. ಒಳ್ಳೆಯ ವಿಭಾಗದವರು ನೇರ ಉತ್ತರ ಕೊಡುತ್ತಾರೆ. ಸುತ್ತಿ ಬಳಸಿ ಬರೆದರೆ ಅದೂ ಒಂದು ಉತ್ತರವೇ ಅಲ್ವಾ.

ಏಪ್ರಿಲ್ 15 ವಿಷಯ: ಅಲ್ಲಿಯ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ಒಪ್ಪಂದ ಉಂಟು. ಅದಕ್ಕೆ ಸಹಿ ಮಾಡಿದ ವಿಶ್ವವಿದ್ಯಾಲಯಗಳು ದುಡ್ಡಿನ ಆಫರ್ ಕೊಟ್ಟರೆ ಏಪ್ರಿಲ್ 15ಕ್ಕಿಂತ ಮೊದಲು ಹೌದು ಅನ್ನಿ ಅಂತ ಒತ್ತಡ ಹಾಕುವ ಹಾಗಿಲ್ಲ. ಹಾಗಾಗಿ ಅಲ್ಲಿಯವರೆಗೆ ಸಮಯ ನಿಮ್ಮದು. ಆ ದಿನದ ಹತ್ತಿರ ಬೇರೆಯವರು ಬೇಡ ಅಂದ ದುಡ್ಡು ವಾಪಸ್ ಬರುತ್ತದೆ, ಆಗ ವಿಭಾಗದವರು ಇನ್ನೊಬ್ಬರನ್ನು ಹುಡುಕುತ್ತಾರೆ. ಏಪ್ರಿಲ್ ಮೊದಲ ವಾರದಲ್ಲಿ "ನನಗೆ ನಿಮ್ಮಲ್ಲಿಗೇ ಬರಬೇಕು ಅಂತ ಇದೆ, ಇನ್ನೊಂದು ಕಡೆಯಿಂದ ಇಷ್ಟು ಸಹಾಯ ಬಂದಿದೆ, ನಿಮ್ಮಲ್ಲಿ ಏನಾದರೂ ಸಾಧ್ಯವಾ" ಅಂತ ಮರ್ಯಾದೆಯಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆಯವರು ಇದನ್ನು ಚೌಕಾಸಿ ಅಂದುಕೊಂಡು ನಾಚಿಕೆಪಡುತ್ತಾರೆ. ಅಲ್ಲಿ ಇದು ಮಾಮೂಲು.

ಕಾವೂರು ಕೆರೆ ಬರೆದದ್ದು:

ತಂಗಿ, ಗೇಟ್ ಪಾಸಾಗಿದೆ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ಸ್ವಲ್ಪ ಅಲ್ಲೇ ನಿಲ್ಲಿ. ನಾನು ನಮ್ಮ ದೇಶದಲ್ಲೇ ಎಂ.ಪ್ಲಾನ್ (ಪ್ಲಾನಿಂಗ್ ಮಾಸ್ಟರ್ಸ್) ಮಾಡಿದವಳು, ಅದಕ್ಕೆ ಹೇಳುತ್ತಿದ್ದೇನೆ.

ಗೇಟ್‌ನ ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್‌ನ ಅಂಕ ಮೂರು ವರ್ಷ ನಡೆಯುತ್ತದೆ. ಅದನ್ನು ಹಿಡಿದು ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಸಿಸಿಎಂಟಿ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಅರ್ಜಿ ಹಾಕಬಹುದು. ಐಐಟಿ ಖರಗ್‌ಪುರದಲ್ಲಿ ಮಾಸ್ಟರ್ ಆಫ್ ಸಿಟಿ ಪ್ಲಾನಿಂಗ್ ಇದೆ, ರೂರ್ಕಿಯಲ್ಲಿ ಅರ್ಬನ್ ಅಂಡ್ ರೀಜನಲ್ ಪ್ಲಾನಿಂಗ್ ಇದೆ. ಐಐಟಿಗಳಿಗೆ ಬೇರೆಯೇ ಅರ್ಜಿ. ಗೇಟ್ ಅಂಕದ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್, 24 ತಿಂಗಳು. ಬದಲಿಗೆ ವಾರಕ್ಕೆ 8 ಗಂಟೆಯಷ್ಟು ಟಿಎ ಕೆಲಸ ಮಾಡಬೇಕು. ಅಂದರೆ ನೀವು ಹುಡುಕುತ್ತಿರುವ ಅಸಿಸ್ಟೆಂಟ್‌ಶಿಪ್ ಇಲ್ಲಿ ಸೀಟಿನ ಜೊತೆಗೇ ಬರುತ್ತದೆ. ಬೇರೆ ಸಂಬಳ, ಬೇರೆ ಸ್ಟೈಪೆಂಡ್ ಅದರ ಜೊತೆಗೆ ತೆಗೆದುಕೊಳ್ಳುವ ಹಾಗಿಲ್ಲ, ಹಾಜರಿ ಸರಿ ಇರಬೇಕು. ದುಡ್ಡು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುತ್ತದೆ, ಹಾಗಾಗಿ ಮೊದಲ ಸೆಮಿಸ್ಟರ್‌ಗೆ ಕೈಯಲ್ಲಿ ಸ್ವಲ್ಪ ಇರಲಿ. ಹಾಸ್ಟೆಲ್, ಮೆಸ್ ಖರ್ಚು ಅದರಲ್ಲಿ ಹೆಚ್ಚುಕಡಿಮೆ ಹೋಗುತ್ತದೆ. ಮನೆಯಿಂದ ತರಿಸಿಕೊಳ್ಳುವುದು ತುಂಬ ಕಡಿಮೆ.

ಹೊರದೇಶಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮನ್ನು ಈ ವಿಷಯಕ್ಕೆ ತಂದದ್ದು ಪಚ್ಚನಾಡಿ ಮತ್ತು ಕೊಟ್ಟಾರ. ಈ ಊರಿನಲ್ಲಿ ಕೆಲಸ ಮಾಡಬೇಕು ಅಂತ ಮನಸ್ಸಿದ್ದರೆ ಇಲ್ಲಿಯ ಕಾಯ್ದೆ ಗೊತ್ತಿರಬೇಕು. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, ಮಾಸ್ಟರ್ ಪ್ಲಾನ್ ಹೇಗೆ ಆಗುತ್ತದೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬೀಳುತ್ತದೆ, ಮುಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಏನು ಮಾಡುತ್ತದೆ, ಪಾಲಿಕೆ ಏನು ಮಾಡುತ್ತದೆ, ಇದೆಲ್ಲ ಅಲ್ಲಿಯ ತರಗತಿಯಲ್ಲಿ ಬರುವುದಿಲ್ಲ. ಮುಂದೆ ಇಲ್ಲಿ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವುದಾದರೆ ಹೊರದೇಶದ ಡಿಗ್ರಿಗೆ ಸಮಾನತೆ ಪತ್ರ ಬೇಕಾಗುತ್ತದೆ, ಅದನ್ನೂ ಗಮನದಲ್ಲಿಡಿ.

ಮತ್ತೊಂದು ದಾರಿ ಉಂಟು, ಅದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಇಲ್ಲಿ ಎಂ.ಪ್ಲಾನ್ ಮಾಡಿ, ಆಮೇಲೆ ಅಲ್ಲಿಗೆ ಪಿಎಚ್‌ಡಿಗೆ ಹೋಗುವುದು. ಅಮೆರಿಕದಲ್ಲಿ ಪ್ಲಾನಿಂಗ್ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸು ಮಾಫಿ, ಸ್ಟೈಪೆಂಡ್ ಎರಡೂ ಅಡ್ಮಿಷನ್ ಪತ್ರದಲ್ಲೇ ಬರುತ್ತದೆ. ಸಾಲದ ಮಾತೇ ಬರುವುದಿಲ್ಲ. ಸಂಶೋಧನೆ ಇಷ್ಟ ಇದ್ದರೆ ಮಾತ್ರ, ದುಡ್ಡಿಗಾಗಿ ಮಾತ್ರ ಅಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬರೆದದ್ದು:

ಮಗಳೇ, ನಾನು ಸಾಲದ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲೇ ಎಷ್ಟೋ ಬ್ಯಾಂಕ್ ಹುಟ್ಟಿದರೂ ಶಿಕ್ಷಣ ಸಾಲದ ವಿಷಯ ಮನೆಗಳಲ್ಲಿ ಸರಿಯಾಗಿ ಗೊತ್ತಿಲ್ಲ. ಅಡ್ಮಿಷನ್ ಬಂದ ಮೇಲೆ ಓಡಾಡಲು ಶುರು ಮಾಡುತ್ತಾರೆ. ಜಾಗದ ಕಾಗದಕ್ಕೆ ಅಷ್ಟರಲ್ಲಿ ಸಮಯ ಸಾಲುವುದಿಲ್ಲ.

ಸಾಮಾನ್ಯ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ ಬೇಡ. ಅಮೆರಿಕಕ್ಕೆ ಅದು ಎಲ್ಲಿಗೂ ಸಾಲುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಆಸ್ತಿ ಇಡಬೇಕು. ಕೆಲವು ಬ್ಯಾಂಕ್‌ಗಳು ತಮ್ಮ ಪಟ್ಟಿಯಲ್ಲಿರುವ ವಿದೇಶಿ ವಿಶ್ವವಿದ್ಯಾಲಯಗಳಿಗೆ ಅಡಮಾನ ಇಲ್ಲದೆಯೂ ಜಾಸ್ತಿ ಕೊಡುತ್ತವೆ. ಆದ್ದರಿಂದ ನಿಮ್ಮ ಎರಡು ವಿಶ್ವವಿದ್ಯಾಲಯಗಳ ಹೆಸರು ಆ ಪಟ್ಟಿಯಲ್ಲಿ ಉಂಟಾ ಅಂತ ಮೊದಲು ಕೇಳಿ. ಖಾಸಗಿ ಫೈನಾನ್ಸ್ ಕಂಪನಿಗಳು ಬೇಗ ಕೊಡುತ್ತವೆ, ಬಡ್ಡಿ ಜಾಸ್ತಿ.

ಈಗ ಜಾಗ. ಕೃಷಿ ಜಾಗ ಎಷ್ಟೇ ಬೆಲೆಬಾಳಲಿ, ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸುಲಭವಾಗಿ ಒಪ್ಪುವುದಿಲ್ಲ. ಕಾರಣ ಉಂಟು. ಸಾಲ ಮರುಪಾವತಿ ಆಗದಿದ್ದರೆ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಕನ್ವರ್ಷನ್ ಆದ ಜಾಗ, ಮನೆ, ಫ್ಲ್ಯಾಟ್ ಆದರೆ ಸರಿ. ಕುಮ್ಕಿ ಜಾಗವನ್ನು ನಾವು ತಲೆಮಾರಿನಿಂದ ನಮ್ಮದೇ ಅಂತ ಅನುಭವಿಸುತ್ತಾ ಬಂದಿರುತ್ತೇವೆ, ಆದರೆ ಕಾಗದದಲ್ಲಿ ಅದು ಸರ್ಕಾರದ್ದು, ಅಡಮಾನಕ್ಕೆ ಆಗುವುದಿಲ್ಲ. ವರ್ಗ (ನಮ್ಮ ಪಟ್ಟಾ) ಜಾಗ ಎಷ್ಟು, ಕುಮ್ಕಿ ಎಷ್ಟು ಅಂತ ಆರ್‌ಟಿಸಿ ಇಟ್ಟುಕೊಂಡು ನೋಡಿ. ಅಜ್ಜಿಯ ಹೆಸರಿನ ಜಾಗದ ಪಾಲು ಆಗಿಲ್ಲ ಅಂದಿರಿ. ಅಜ್ಜಿ ಇದ್ದರೆ ಅವರು ಒಪ್ಪಿ ಸಹಿ ಮಾಡಬೇಕು, ಕುಟುಂಬದ ಆಸ್ತಿಯಾದರೆ ಹಕ್ಕಿರುವ ಎಲ್ಲರ ಸಹಿ ಬೇಕು. ಮುಂಬೈಯಲ್ಲಿ ಇರುವ ಮಾವ, ದುಬೈಯಲ್ಲಿ ಇರುವ ಚಿಕ್ಕಮ್ಮ, ಎಲ್ಲರೂ ಬರಬೇಕು. ಇದು ಏಪ್ರಿಲ್‌ನಿಂದ ಜುಲೈ ಒಳಗೆ ಆಗುವ ಕೆಲಸ ಅಲ್ಲ. ಅಪ್ಪನ ಹೆಸರಿನಲ್ಲಿ ಇರುವ ಮನೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಓದುವಾಗ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟಿದರೆ ಹಲವು ಬ್ಯಾಂಕ್‌ಗಳಲ್ಲಿ ಬಡ್ಡಿ ದರದಲ್ಲಿ 1 ಪರ್ಸೆಂಟ್ ಕಡಿಮೆ ಮಾಡುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷ ವಿನಾಯಿತಿ. ಭಾರತದಲ್ಲೇ ಓದುವುದಾದರೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಉಂಟು. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಜಾಮೀನು, ಅಡಮಾನ ಎರಡೂ ಬೇಡ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ಸಹಾಯವೂ ಸಿಗುತ್ತದೆ.

ಸಾಲಕ್ಕಿಂತ ಮೊದಲು ಟ್ರಸ್ಟ್‌ಗಳನ್ನು ಕೇಳಿ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಹೊರದೇಶದ ಓದಿಗೆ ಸಾಲರೂಪದ ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದೆ. ಕೆ.ಸಿ. ಮಹೀಂದ್ರಾ ಟ್ರಸ್ಟ್, ನರೋತ್ತಮ್ ಸೆಖ್ಸಾರಿಯಾ ಫೌಂಡೇಶನ್ ಬಡ್ಡಿ ಇಲ್ಲದ ಸಾಲ ಕೊಡುತ್ತವೆ. ಇವುಗಳ ಅರ್ಜಿಯ ಗಡುವು ಅಡ್ಮಿಷನ್ ಗಲಾಟೆಯಲ್ಲಿ ಮರೆತೇ ಹೋಗುತ್ತದೆ, ಈಗಲೇ ನೋಡಿ ಬರೆದಿಟ್ಟುಕೊಳ್ಳಿ. ಊರಿನಲ್ಲಿ ಸಮುದಾಯದ ಸಂಘಗಳು, ದೇವಸ್ಥಾನ, ಚರ್ಚ್, ಮಸೀದಿಗಳ ವಿದ್ಯಾನಿಧಿಗಳೂ ಉಂಟು. ಮೊತ್ತ ಚಿಕ್ಕದಿರಬಹುದು, ವಿಮಾನದ ಟಿಕೆಟಿಗಾದರೂ ಆಗುತ್ತದೆ. ಕೇಳುವುದರಲ್ಲಿ ಸಂಕೋಚ ಬೇಡ.

ಹೆಜಮಾಡಿ ಬರೆದದ್ದು:

ಜರ್ಮನಿಯ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುವೆ. ಈ ವರ್ಷಕ್ಕೆ ಅಲ್ಲದಿದ್ದರೂ ಮುಂದಿನ ವರ್ಷಕ್ಕೆ ಉಪಯೋಗ ಆಗಬಹುದು.

ಡಿಎಎಡಿ (ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ) ಕೊಡುವ ಇಪಿಒಎಸ್ ಅಂತ ಒಂದು ಸ್ಕಾಲರ್‌ಶಿಪ್ ಇದೆ, ಭಾರತದಂಥ ದೇಶಗಳ ಕೆಲಸದ ಅನುಭವ ಇರುವವರಿಗೆ. ಡಿಗ್ರಿ ಆದ ಮೇಲೆ ಕನಿಷ್ಠ ಎರಡು ವರ್ಷ ಅನುಭವ ಕೇಳುತ್ತಾರೆ, ನಿಮಗೆ ಅದು ಈಗ ಆಗಿದೆ. ಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಡಾರ್ಟ್‌ಮುಂಡ್‌ನ ಸ್ಪ್ರಿಂಗ್ ಎಂಬ ಹೆಸರಿನ ಕೋರ್ಸ್ ನಿಮ್ಮಂಥವರಿಗೇ ಮಾಡಿದ ಹಾಗಿದೆ. ಬೆಳೆಯುತ್ತಿರುವ ದೇಶಗಳ ಪ್ರಾದೇಶಿಕ ಯೋಜನೆಯೇ ಅದರ ವಿಷಯ. ಮೊದಲ ವರ್ಷ ಡಾರ್ಟ್‌ಮುಂಡ್‌ನಲ್ಲಿ, ಎರಡನೇ ವರ್ಷ ಬೇರೆ ದೇಶದ ಜೊತೆಗಾರ ವಿಶ್ವವಿದ್ಯಾಲಯದಲ್ಲಿ. ತಿಂಗಳ ಖರ್ಚು, ವಿಮೆ, ಪ್ರಯಾಣ ಎಲ್ಲ ಬರುತ್ತದೆ. ಅರ್ಜಿ ಕೋರ್ಸ್‌ನವರಿಗೇ ಹಾಕಬೇಕು, ಒಂದೊಂದು ಕೋರ್ಸ್‌ಗೆ ಒಂದೊಂದು ಗಡುವು.

ಸ್ಕಾಲರ್‌ಶಿಪ್ ಇಲ್ಲದೆಯೂ ಅಲ್ಲಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಸು ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಸೆಮಿಸ್ಟರ್‌ಗೆ 1,500 ಯುರೋ, ಮ್ಯೂನಿಕ್‌ನ ಟಿಯು ಕೂಡ ಈಗ ಹೊರದೇಶದವರಿಗೆ ಫೀಸು ಹಾಕುತ್ತದೆ. ವೀಸಾಕ್ಕೆ ವರ್ಷದ ಖರ್ಚು 11,904 ಯುರೋ ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕು. ಅದು ನಿಮ್ಮದೇ ದುಡ್ಡು, ತಿಂಗಳಿಗೆ ಇಷ್ಟು ಅಂತ ವಾಪಸ್ ಬರುತ್ತದೆ. ಅಸಿಸ್ಟೆಂಟ್‌ಶಿಪ್‌ಗೆ ಬದಲಾಗಿ ಅಲ್ಲಿ ಹಿವಿ (ವಿದ್ಯಾರ್ಥಿ ಸಹಾಯಕ) ಕೆಲಸ ಸಿಗುತ್ತದೆ, ಪ್ರೊಫೆಸರ್ ಕೈಕೆಳಗೆ ಗಂಟೆ ಲೆಕ್ಕದಲ್ಲಿ. 2024ರಿಂದ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಭಾಷೆ ಮಾತ್ರ ಬಿಡಬೇಡಿ. ಕೋರ್ಸ್ ಇಂಗ್ಲಿಷಿನಲ್ಲಿ ಇದ್ದರೂ ಪ್ಲಾನಿಂಗ್ ಕೆಲಸ ಅಲ್ಲಿಯ ನಗರಸಭೆಯವರ ಜೊತೆಗೆ, ಜನರ ಜೊತೆಗೆ. ಜರ್ಮನ್ ಇಲ್ಲದೆ ಕೆಲಸ ಸಿಗುವುದು ಕಷ್ಟ.

ಅಮೆರಿಕವೇ ಬೇಕು ಅಂದರೆ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ ನೋಡಿ. ಅದರ ವಿಷಯಗಳ ಪಟ್ಟಿಯಲ್ಲಿ ಅರ್ಬನ್ ಅಂಡ್ ರೀಜನಲ್ ಪ್ಲಾನಿಂಗ್ ಇರುತ್ತದೆ. ಮೂರು ವರ್ಷದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಊರಿಗೆ ಬಂದು ಇರಬೇಕು, ನಿಮ್ಮ ಮಾತು ಕೇಳಿದರೆ ಅದು ನಿಮಗೆ ತೊಂದರೆ ಅಲ್ಲ ಅನ್ನಿಸುತ್ತದೆ.

ಸ್ವರ್ಣಾ ತೀರ ಬರೆದದ್ದು:

ಎಲ್ಲರಿಗೂ ತುಂಬ ಧನ್ಯವಾದ. ಓದಿ ಓದಿ ಅಪ್ಪನಿಗೂ ತೋರಿಸಿದೆ. ಬ್ಯಾಂಕ್ ಅಂಕಲ್ ಬರೆದದ್ದನ್ನು ಹಿಡಿದು ಆರ್‌ಟಿಸಿ ತೆಗೆದು ನೋಡಿದೆವು, ನಾವು ನಮ್ಮದು ಅಂತ ತಿಳಿದಿದ್ದ ತೋಟದ ಮೇಲಿನ ಭಾಗ ಕುಮ್ಕಿಯೇ. ಅಪ್ಪನ ಹೆಸರಿನ ಮನೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸ್ಟೇಟ್ ಯೂನಿವರ್ಸಿಟಿಯ ಕೋಆರ್ಡಿನೇಟರ್ ಉತ್ತರ ಕೊಟ್ಟರು, ನೇರವಾಗಿಯೇ. ಮೊದಲ ವರ್ಷ ಮಾಸ್ಟರ್ಸ್‌ನವರಿಗೆ ವಿಭಾಗದಿಂದ ಸಿಗುವುದು ಅಪರೂಪ, ಎರಡನೇ ವರ್ಷ ಹೆಚ್ಚಿನವರಿಗೆ ಏನಾದರೂ ಸಿಗುತ್ತದೆ, ಬೇರೆ ವಿಭಾಗಗಳಲ್ಲಿ ಹುಡುಕಿಕೊಂಡವರೂ ಇದ್ದಾರೆ ಅಂತ ಬರೆದಿದ್ದಾರೆ. ಖಾಸಗಿಯವರ ಸ್ಕಾಲರ್‌ಶಿಪ್ ಎರಡು ವರ್ಷಕ್ಕೂ ಇದೆ, ಆದರೂ ಕೈಯಿಂದ ಹೋಗುವುದು ಸ್ಟೇಟ್‌ಗಿಂತ ಜಾಸ್ತಿಯೇ. ಬೋಳೂರಿನ ಅಣ್ಣ, ಈ ಬೇರೆ ವಿಭಾಗ ಅಂದರೆ ಎಲ್ಲಿ ಹುಡುಕುವುದು? ಪ್ರೊಫೆಸರ್‌ಗೆ ಮೇಲ್ ಹೇಗೆ ಬರೆಯುವುದು? ಈಗಿನಿಂದ ಆಗಸ್ಟ್ ಒಳಗೆ ಏನು ಕಲಿತರೆ ಉಪಯೋಗ?

ಬೋಳೂರಿನವ ಬರೆದದ್ದು:

ನೇರ ಉತ್ತರ ಬಂದದ್ದು ಒಳ್ಳೆಯದಾಯಿತು. ಅಂಥ ವಿಭಾಗವನ್ನು ನಂಬಬಹುದು.

ಬೇರೆ ಕಡೆ ಅಂದರೆ ಹೀಗೆ. ದೊಡ್ಡ ವಿಶ್ವವಿದ್ಯಾಲಯ ಅಂದರೆ ಅದೇ ಒಂದು ಊರು. ಅವರಿಗೆ ಸ್ವಂತ ಬಸ್ಸು, ಪಾರ್ಕಿಂಗ್, ಹಾಸ್ಟೆಲ್, ಕಟ್ಟಡ, ಮಳೆನೀರು, ಕಸ ಎಲ್ಲ ನೋಡುವ ಆಫೀಸುಗಳು ಇರುತ್ತವೆ. ಕ್ಯಾಂಪಸ್ ಪ್ಲಾನಿಂಗ್ ಆಫೀಸು, ಸಾರಿಗೆ ವಿಭಾಗ, ಸಸ್ಟೈನಬಿಲಿಟಿ ಆಫೀಸು, ಲೈಬ್ರರಿಯ ಜಿಐಎಸ್ (ಕಂಪ್ಯೂಟರ್ ನಕ್ಷೆ) ವಿಭಾಗ ಇಲ್ಲೆಲ್ಲ ಗ್ರಾಜುಯೇಟ್ ಅಸಿಸ್ಟೆಂಟ್ ತೆಗೆದುಕೊಳ್ಳುತ್ತಾರೆ. ಆರ್ಕಿಟೆಕ್ಚರ್ ವಿಭಾಗವನ್ನು ಮರೆಯಬೇಡಿ, ನೀವು ಬಿ.ಆರ್ಕ್, ಅಲ್ಲಿಯ ಮೊದಲ ವರ್ಷದ ಸ್ಟುಡಿಯೋಗೆ ಟಿಎ ಬೇಕಾಗುತ್ತದೆ. ನನಗೆ ಮೊದಲು ಸಿಕ್ಕಿದ್ದು ಪ್ಲಾನಿಂಗ್ ವಿಭಾಗದಲ್ಲಿ ಅಲ್ಲ, ಸಿವಿಲ್ ಎಂಜಿನಿಯರಿಂಗ್‌ನ ಸಾರಿಗೆ ಸಂಶೋಧನಾ ಕೇಂದ್ರದಲ್ಲಿ. ಅಮೆರಿಕದ ಸಾರಿಗೆ ಇಲಾಖೆ ಯೂನಿವರ್ಸಿಟಿ ಟ್ರಾನ್ಸ್‌ಪೋರ್ಟೇಶನ್ ಸೆಂಟರ್ ಅಂತ ಹಲವು ಕಡೆ ದುಡ್ಡು ಕೊಟ್ಟು ನಡೆಸುತ್ತದೆ. ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿ ಭಾಗಿಯಾ ನೋಡಿ. ಒಂದು ಎಚ್ಚರಿಕೆ, 2025ರಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಸಂಶೋಧನಾ ಹಣ ತುಂಬ ಕಡೆ ನಿಂತಿತು. ಪ್ರೊಫೆಸರ್ "ಪ್ರಾಜೆಕ್ಟ್ ಇದೆ" ಅಂದರೆ ಅದರ ಹಣ ಯಾವ ತಿಂಗಳವರೆಗೆ ಗಟ್ಟಿ ಅಂತ ಕೇಳಿ.

ಟೆಕ್ಸಸ್‌ಗೆ ಅರ್ಜಿ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ಪರ್ಧೆಯಿಂದ ಬಂದ 1,000 ಡಾಲರ್ ಸ್ಕಾಲರ್‌ಶಿಪ್ ಇದ್ದರೆ ಹೊರಗಿನವರಿಗೂ ಒಳರಾಜ್ಯದ ಫೀಸು ಹಾಕಲು ನಿಯಮ ಉಂಟು. ಚಿಕ್ಕ ಸ್ಕಾಲರ್‌ಶಿಪ್ ಅಂತ ತಳ್ಳಿಬಿಡಬೇಡಿ, ಫೀಸಿನಲ್ಲಿ ಅದು ಉಳಿಸುವುದು ಅದರ ಎಷ್ಟೋ ಪಟ್ಟು.

ಮೇಲ್ ಚಿಕ್ಕದಿರಲಿ. "ನನಗೆ ಫಂಡಿಂಗ್ ಬೇಕು" ಅಂತ ಶುರು ಮಾಡಿದರೆ ಯಾರೂ ಓದುವುದಿಲ್ಲ. ಆ ಪ್ರೊಫೆಸರ್ ಈಗ ಮಾಡುತ್ತಿರುವ ಕೆಲಸವನ್ನು ನಿಜವಾಗಿ ಓದಿ, ಅದರಲ್ಲಿ ಒಂದು ವಿಷಯ ಹಿಡಿಯಿರಿ. ಪ್ರವಾಹದ ಮೇಲೆ ಕೆಲಸ ಮಾಡುವವರಾದರೆ ನಿಮ್ಮ ಕೊಟ್ಟಾರದ ವಿಷಯ ಹೇಳಿ: ನೀರು ಯಾವ ಕಡೆಯಿಂದ ಬರುತ್ತದೆ, ಯಾವ ತೋಡು ಸಣ್ಣದಾಗಿದೆ, ಎಲ್ಲಿ ಗುಡ್ಡ ಹೋಗಿದೆ. ಕಸದ ವಿಷಯದವರಾದರೆ ಪಚ್ಚನಾಡಿ. ಇವು ಅವರಿಗೆ ಬೇರೆ ಎಲ್ಲೂ ಸಿಗದ ಉದಾಹರಣೆಗಳು, ನೀವು ಕಣ್ಣಾರೆ ನೋಡಿದವರು. ಆಮೇಲೆ ನಿಮ್ಮ ಕೈಯಲ್ಲಿ ಇರುವ ಕೆಲಸ ಏನು, ಯಾವ ಸಾಫ್ಟ್‌ವೇರ್ ಬರುತ್ತದೆ, ಅಡ್ಮಿಷನ್ ಆಗಿದೆ ಎನ್ನುವುದು. ಕೊನೆಗೆ ಒಂದು ಸಾಲು, ಆಗಸ್ಟ್‌ನಿಂದ ನಿಮ್ಮ ಪ್ರಾಜೆಕ್ಟ್‌ನಲ್ಲಿ ಜನ ಬೇಕಾದರೆ ನಾನು ಬರಬಲ್ಲೆ ಅಂತ. ಜೊತೆಗೆ ನೀವೇ ಮಾಡಿದ ಒಂದು ನಕ್ಷೆಯನ್ನು ಲಗತ್ತಿಸಿ. ಎಲ್ಲರಿಗೂ ಒಂದೇ ಮೇಲ್ ಕಳಿಸಬೇಡಿ, ಒಂದೇ ವಿಭಾಗದಲ್ಲಿ ಅವರು ಪರಸ್ಪರ ಮಾತಾಡುತ್ತಾರೆ.

ಕಲಿಯುವುದಾದರೆ ಜಿಐಎಸ್. ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಉಚಿತ, ಇವತ್ತೇ ಶುರು ಮಾಡಬಹುದು. ಮಂಗಳೂರಿನ ಎತ್ತರ-ತಗ್ಗಿನ ಡೇಟಾ ಇಸ್ರೋದ ಭುವನ್ ತಾಣದಲ್ಲಿ ಸಿಗುತ್ತದೆ, ಅದರಿಂದ ನೀರು ಹರಿಯುವ ದಾರಿ ಬಿಡಿಸಿ ನೋಡಿ. ಅದೇ ನಿಮ್ಮ ಮೇಲ್‌ನ ನಕ್ಷೆ ಆಗುತ್ತದೆ. ಜೊತೆಗೆ ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡೇಟಾ ಸರಿಮಾಡುವಷ್ಟು, ಸ್ವಲ್ಪ ಸ್ಟಾಟಿಸ್ಟಿಕ್ಸ್. ಆರ್ಕಿಟೆಕ್ಚರ್‌ನಿಂದ ಬಂದವರಿಗೆ ಚಿತ್ರ ಬಿಡಿಸಲು ಬರುತ್ತದೆ, ಲೆಕ್ಕ ಬರುವುದಿಲ್ಲ ಅಂತ ಅಲ್ಲಿಯವರು ಅಂದುಕೊಂಡಿರುತ್ತಾರೆ. ಎರಡೂ ಬರುವವರನ್ನು ಬಿಡುವುದಿಲ್ಲ.

ಸ್ಟೈಪೆಂಡ್ ಬಂದರೂ ಅದು ಹೆಚ್ಚಾಗಿ 9 ತಿಂಗಳಿಗೆ. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಹುಡುಕಬೇಕು. ಮೊದಲ ಸಂಬಳ ಕೈಗೆ ಬರುವಾಗ ಸೆಪ್ಟೆಂಬರ್ ಆಗಿರುತ್ತದೆ, ಅಲ್ಲಿಯವರೆಗಿನ ಬಾಡಿಗೆ, ಅಡ್ವಾನ್ಸ್ ನೀವೇ ಕೊಡಬೇಕು. ಟ್ಯೂಷನ್ ಮಾಫಿ ಆದರೂ ಬೇರೆ ಫೀಸು, ಆರೋಗ್ಯ ವಿಮೆ ಉಳಿಯಬಹುದು. ತೆರಿಗೆಯಲ್ಲಿ ನಮಗೆ ಒಂದು ಅನುಕೂಲ ಉಂಟು, ಭಾರತ-ಅಮೆರಿಕ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಬಹುದು, ಅಂದರೆ ಆದಾಯದ ಒಂದು ಭಾಗಕ್ಕೆ ತೆರಿಗೆ ಬೀಳುವುದಿಲ್ಲ. ಮತ್ತೆ ಓದು ಮುಗಿದ ಮೇಲೆ ಓಪಿಟಿ (ಅಲ್ಲೇ ಕೆಲಸ ಮಾಡುವ ಅನುಮತಿ) ಎಲ್ಲರಿಗೂ 12 ತಿಂಗಳು. ಇನ್ನೂ 24 ತಿಂಗಳು ಬೇಕಾದರೆ ಕೋರ್ಸ್‌ನ ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರಬೇಕು. ಪ್ಲಾನಿಂಗ್ ಅಂದ ಕೂಡಲೇ ಸ್ಟೆಮ್ ಅಂತ ತಿಳಿಯಬೇಡಿ. ನಿಮ್ಮ ಕೋರ್ಸ್‌ನ ಸಿಐಪಿ ಕೋಡ್ ಯಾವುದು ಅಂತ ಕೇಳಿ, ಸಾಲ ಎಷ್ಟು ವರ್ಷದಲ್ಲಿ ತೀರಿಸಬಹುದು ಎನ್ನುವ ಲೆಕ್ಕವೇ ಅದರ ಮೇಲೆ ನಿಂತಿದೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ವರ್ಷದ ಫೀಸಿಗೆ ಪೂರ್ತಿ ಸಾಲ ಆಗಬೇಕಾದರೆ ಈ ವರ್ಷ ಹೋಗಬೇಡಿ. ಮೊದಲ ವರ್ಷವನ್ನು ಮನೆ ಅಡಮಾನ ಇಟ್ಟು ತೆಗೆದ ಸಾಲದಲ್ಲಿ ನಿಭಾಯಿಸಬಹುದು, ಎರಡನೇ ವರ್ಷ ದುಡ್ಡು ಸಿಗದಿದ್ದರೂ ಮನೆಗೆ ಅಪಾಯ ಇಲ್ಲ ಅಂತ ಅಪ್ಪ ಹೇಳುವ ಹಾಗಿದ್ದರೆ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ.

ಕಾವೂರು ಕೆರೆ ಬರೆದದ್ದು:

ಇದಕ್ಕೆ ಒಂದು ಸೇರಿಸುತ್ತೇನೆ. ಹೋಗದಿದ್ದರೆ ಸೀಟು ಬಿಡಬೇಡಿ, ಒಂದು ವರ್ಷ ಮುಂದೂಡಲು ಆಗುತ್ತದಾ ಅಂತ ಏಪ್ರಿಲ್ 15ಕ್ಕಿಂತ ಮೊದಲೇ ಕೇಳಿ. ಅಷ್ಟರಲ್ಲಿ ನಿಮಗೆ ಮೂರು ವರ್ಷದ ಅನುಭವ ಆಗುತ್ತದೆ, ಫುಲ್‌ಬ್ರೈಟ್, ಇಪಿಒಎಸ್ ಎರಡಕ್ಕೂ ಅರ್ಜಿ ಹಾಕಬಹುದು. ಸಿಸಿಎಂಟಿಗೂ ಹೆಸರು ಹಾಕಿಡಿ, ಸೀಟು ಬಂದ ಮೇಲೆ ಬೇಕಾ ಬೇಡವಾ ಅಂತ ನೋಡಬಹುದು.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬರೆದದ್ದು:

ಹೋಗುವುದೇ ಆದರೆ ಬ್ಯಾಂಕಿನ ಮಂಜೂರಾತಿ ಪತ್ರ ಮೇ ಒಳಗೆ ಕೈಯಲ್ಲಿ ಇರಲಿ, ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ವಿಶ್ವವಿದ್ಯಾಲಯ ಕೊಡುವಾಗ ಮೊದಲ ವರ್ಷದ ಖರ್ಚಿಗೆ ದುಡ್ಡು ತೋರಿಸಬೇಕಾಗುತ್ತದೆ. ಅಸಿಸ್ಟೆಂಟ್‌ಶಿಪ್ ಪತ್ರ ಬಂದರೆ ಅಷ್ಟು ಮೊತ್ತ ಅದರಲ್ಲಿ ಕಡಿಮೆ ಆಗುತ್ತದೆ. ಮಂಜೂರಾದ ಸಾಲವನ್ನೆಲ್ಲ ತೆಗೆಯಲೇಬೇಕು ಅಂತಿಲ್ಲ. ಸೆಮಿಸ್ಟರ್‌ಗೆ ಬೇಕಾದಷ್ಟು ಮಾತ್ರ ತೆಗೆಯಿರಿ, ತೆಗೆದದ್ದಕ್ಕೆ ಮಾತ್ರ ಬಡ್ಡಿ. ಮನೆಯ ಮೂಲ ಪತ್ರ, ತೆರಿಗೆ ರಶೀದಿ, ಇಸಿ (ಋಣಭಾರ ಪತ್ರ), ಕನ್ವರ್ಷನ್ ಆರ್ಡರ್, ಕಟ್ಟಡದ ಪರವಾನಗಿ ಇಷ್ಟನ್ನು ಅಪ್ಪ ಈ ವಾರವೇ ತೆಗೆದಿಡಲಿ. ಕನ್ವರ್ಷನ್ ಆರ್ಡರ್ ಸಿಗದಿದ್ದರೆ ನಕಲಿಗೆ ಕೂಡಲೇ ಅರ್ಜಿ ಹಾಕಿ, ಬ್ಯಾಂಕಿನ ವಕೀಲರು ಮೊದಲು ಕೇಳುವುದು ಅದನ್ನೇ.